ರದ್ದು ಮಾಡುವ ಬಟನ್ ಎಲ್ಲಿದೆ?

ಅಂತರ್ಜಾಲದಲ್ಲಿ ಯಾವುದೇ ಸೇವೆಗೆ ಚಂದಾದಾರರಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಅದರ ಬಟನ್ ದೊಡ್ಡದಾಗಿರುತ್ತದೆ, ಗಾಢ ಬಣ್ಣದಲ್ಲಿರುತ್ತದೆ, ಪುಟವನ್ನು ಎಷ್ಟು ಕೆಳಕ್ಕೆ ಸರಿಸಿದರೂ ಬಿಡದೆ ಜೊತೆಗೇ ಸರಿದು ಬರುತ್ತದೆ. ಕಾರ್ಡಿನ ವಿವರವನ್ನು ಹಿಂದೆಂದೋ ಕೊಟ್ಟಿದ್ದರೆ ಅದನ್ನು ಮತ್ತೆ ಕೇಳುವ ಗೋಜಿಗೂ ಹೋಗುವುದಿಲ್ಲ. ಹೆಬ್ಬೆರಳು ತಾಗಿದರೆ ಸಾಕು. ಅದೇ ಸೇವೆ ಬೇಡವೆನಿಸಿದ ದಿನ, ಆ ಬಟನ್ನಿಗೊಂದು ಜೊತೆಗಾರ ಎಲ್ಲೋ ಇರಲೇಬೇಕೆಂಬ ನಂಬಿಕೆಯಿಂದ ಹುಡುಕಲು ಹೊರಟರೆ ಖಾತೆಯೊಳಗೆ ಸೆಟ್ಟಿಂಗ್ಸ್, ಸೆಟ್ಟಿಂಗ್ಸ್ ಒಳಗೆ ಬಿಲ್ಲಿಂಗ್, ಅದರೊಳಗೆ ‘ಯೋಜನೆಯನ್ನು ನಿರ್ವಹಿಸಿ’ ಎಂಬ ನಿರುಪದ್ರವಿ ಸಾಲು, ಆ ಸಾಲಿನ ತುದಿಯಲ್ಲಿ ಮೂರು ಚುಕ್ಕಿಗಳು, ಆ ಚುಕ್ಕಿಗಳ ಕೆಳಗೆ ತಿಳಿಬೂದು ಬಣ್ಣದಲ್ಲಿ ನಾಚಿಕೊಂಡು ನಿಂತ ಎರಡು ಪದಗಳು ಸಿಗುತ್ತವೆ. ತಂತ್ರಜ್ಞಾನ ಕಂಪನಿಗಳ ಬಗ್ಗೆ ನನ್ನಲ್ಲಿ ಬೆಳೆದಿರುವ ಸಂಶಯದ ಬಹುಪಾಲು ಈ ತಿಳಿಬೂದು ಪದಗಳಿಂದಲೇ ಹುಟ್ಟಿದ್ದು. ಕಂಪನಿಯ ಧ್ಯೇಯವಾಕ್ಯವನ್ನಾಗಲಿ, ಸ್ಥಾಪಕರು ವೇದಿಕೆಯ ಮೇಲೆ ನಡೆದಾಡುತ್ತ ಮಾಡುವ ಭಾಷಣವನ್ನಾಗಲಿ ಕೇಳಿ ತಿಳಿಯಲಾಗದ ಒಂದು ಸಂಗತಿ, ಅಂದರೆ ಅವರಿಗೆ ತಮ್ಮ ಸರಕಿನ ಮೇಲೆ ಎಷ್ಟು ನಂಬಿಕೆಯಿದೆ ಎಂಬುದು, ಹೊರಗೆ ಹೋಗುವ ದಾರಿಯನ್ನು ಅವರು ಎಲ್ಲಿ ಇಟ್ಟಿದ್ದಾರೆ ಎಂಬುದರಿಂದ ತಿಳಿಯುತ್ತದೆ.

ಆ ಪದಗಳನ್ನು ಒತ್ತಿದ ಮೇಲೆ ತೆರೆದುಕೊಳ್ಳುವ ಪುಟವನ್ನು ಸಾವಧಾನವಾಗಿ ನೋಡಬೇಕು. ನಾನಂತೂ ಈಗೀಗ ಅವಸರವಿಲ್ಲದೆ ನೋಡುತ್ತೇನೆ. ಮೊದಲು ಎದುರಾಗುವುದು ಕಣ್ಣೀರು ತುಂಬಿಕೊಂಡ ಒಂದು ಪುಟ್ಟ ಕಾರ್ಟೂನು. ಅದರಡಿಯಲ್ಲಿ ‘ನೀವು ಹೋಗುತ್ತಿರುವುದಕ್ಕೆ ನಮಗೆ ಬೇಸರವಾಗಿದೆ’ ಎಂಬ ಮಾತು. ಇಷ್ಟು ದಿನ ಒಂದು ಪ್ರಶ್ನೆ ಕೇಳಿದರೆ ಉತ್ತರಿಸಲು ಮನುಷ್ಯರೇ ಇರದಿದ್ದ ಕಡೆ ದಿಢೀರನೆ ಇಷ್ಟೊಂದು ಅಂತಃಕರಣ ಎಲ್ಲಿಂದ ಉಕ್ಕಿತೋ ತಿಳಿಯದು. ಮುಂದಿನ ಪುಟದಲ್ಲಿ ಕಾರಣ ಕೇಳುತ್ತಾರೆ. ‘ಬೆಲೆ ಹೆಚ್ಚಾಯಿತು’ ಎಂದು ಗುರುತು ಹಾಕಿದರೆ ಮೂರು ತಿಂಗಳಿಗೆ ಅರ್ಧ ಬೆಲೆ ಎಂಬ ಕೊಡುಗೆ ಬರುತ್ತದೆ. ನಿನ್ನೆಯವರೆಗೂ ಪೂರ್ತಿ ಬೆಲೆ ಕೊಟ್ಟು ಸುಮ್ಮನಿದ್ದವರು ದಡ್ಡರೆಂದು ಕಂಪನಿಯೇ ಒಪ್ಪಿಕೊಂಡಂತಾಯಿತಲ್ಲವೇ? ‘ಬಳಸಲು ಸಮಯವಿಲ್ಲ’ ಎಂದರೆ ರದ್ದು ಮಾಡುವ ಬದಲು ತಾತ್ಕಾಲಿಕವಾಗಿ ನಿಲ್ಲಿಸಿ ಎಂಬ ಸಲಹೆ ಸಿಗುತ್ತದೆ. ಆ ವಿರಾಮದ ಅವಧಿ ಮುಗಿದೊಡನೆ ಕಾರ್ಡಿನಿಂದ ಹಣ ತಾನಾಗಿಯೇ ಮತ್ತೆ ಹೋಗತೊಡಗುತ್ತದೆಂಬ ವಿವರವನ್ನು ಚಿಕ್ಕ ಅಕ್ಷರಗಳಿಗೆ ಬಿಟ್ಟಿರುತ್ತಾರೆ. ಇದನ್ನೂ ದಾಟಿದರೆ ಎರಡು ಬಟನ್‌ಗಳು. ಒಂದರ ಮೇಲೆ ‘ನನ್ನ ಸೌಲಭ್ಯಗಳನ್ನು ಉಳಿಸಿಕೊಳ್ಳುತ್ತೇನೆ’ ಎಂದಿದ್ದರೆ, ಇನ್ನೊಂದರ ಮೇಲೆ ‘ಬೇಡ, ಹಣ ಉಳಿಸುವುದು ನನಗೆ ಇಷ್ಟವಿಲ್ಲ’ ಎಂದಿರುತ್ತದೆ. ಹೊರಗೆ ಹೋಗುವವನು ತನ್ನ ಬಾಯಿಂದಲೇ ತಾನು ಮೂರ್ಖನೆಂದು ಹೇಳಿ ಹೋಗಬೇಕೆಂಬುದು ಇಲ್ಲಿನ ನಿಯಮ.

ಇಷ್ಟಾದ ಮೇಲೆ ಕೊನೆಯದಾಗಿ ಒಂದು ಚಿಕ್ಕ ಚೌಕ ಮೇಲೆದ್ದು, ‘ರದ್ದು ಮಾಡಬೇಕೆ?’ ಎಂದು ಕೇಳುತ್ತದೆ. ಅದಕ್ಕೆ ಕೊಟ್ಟಿರುವ ಉತ್ತರಗಳು ‘ರದ್ದುಮಾಡು’ ಮತ್ತು ‘ಮುಂದುವರಿಸು’. ರದ್ದುಮಾಡು ಎಂದರೆ ಚಂದಾ ರದ್ದಾಗುತ್ತದೆಯೋ, ರದ್ದು ಮಾಡಬೇಕೆಂಬ ನಮ್ಮ ನಿರ್ಧಾರ ರದ್ದಾಗುತ್ತದೆಯೋ. ಮುಂದುವರಿಸು ಎಂದರೆ ಮುಂದುವರಿಯುವುದು ಚಂದಾವೋ, ಚಂದಾ ಕೊನೆಗೊಳಿಸುವ ಕೆಲಸವೋ? ಈ ಚೌಕದ ಮುಂದೆ ವಿದ್ಯಾವಂತರು ಬೆರಳನ್ನು ಗಾಳಿಯಲ್ಲೇ ತಡೆದು ನಿಂತಿರುವುದನ್ನು ಕಂಡಿದ್ದೇನೆ. ಆಕಸ್ಮಿಕವಾಗಿ ಯಾರೂ ರದ್ದು ಮಾಡಿಬಿಡಬಾರದೆಂಬ ಕಾಳಜಿಯಿಂದ ಇಷ್ಟೆಲ್ಲ ಪುಟಗಳನ್ನು ಇಟ್ಟಿದ್ದೇವೆ ಎಂದು ಕಂಪನಿಗಳು ಹೇಳುವುದುಂಟು. ಆಕಸ್ಮಿಕವಾಗಿ ಯಾರೂ ಸೇರಿಬಿಡಬಾರದೆಂಬ ಕಾಳಜಿಯಿಂದ ಒಂದೇ ಒಂದು ಪುಟವನ್ನು ಇಟ್ಟ ಕಂಪನಿ ಮಾತ್ರ ನನಗೆ ಈವರೆಗೆ ಸಿಕ್ಕಿಲ್ಲ.

ಇದು ಹೊಸ ಕಾಲದ ಕುಟಿಲತೆ ಎಂದುಕೊಂಡರೆ ತಪ್ಪಾಗುತ್ತದೆ. ಮನೆಯ ಫೋನಿನ ತಂತಿಯ ಮೂಲಕ ಅಂತರ್ಜಾಲ ಬರುತ್ತಿದ್ದ ಕಾಲದಲ್ಲಿ ಆ ಸಂಪರ್ಕ ಒದಗಿಸುತ್ತಿದ್ದ ಅಮೆರಿಕದ ಎಒಎಲ್ ಕಂಪನಿ ಸೇರುವವರಿಗಾಗಿ ಉಚಿತ ಸಿಡಿಗಳನ್ನು ಕೇಳಿದವರಿಗೂ ಕೇಳದವರಿಗೂ ರಾಶಿರಾಶಿಯಾಗಿ ಹಂಚುತ್ತಿತ್ತು. ಬಿಡುವವರು ಮಾತ್ರ ಫೋನು ಮಾಡಬೇಕಿತ್ತು. ಫೋನಿನ ಆ ತುದಿಯಲ್ಲಿದ್ದ ನೌಕರರಿಗೆ, ಬಿಡಲು ಬಂದವರನ್ನು ಉಳಿಸಿಕೊಂಡರೆ ಬೋನಸ್ ಸಿಗುತ್ತಿತ್ತು. ನ್ಯೂಯಾರ್ಕ್ ರಾಜ್ಯ ಇದನ್ನು ವಿಚಾರಣೆಗೆ ಒಳಪಡಿಸಿ, 2005ರಲ್ಲಿ ಕಂಪನಿಯಿಂದ ಹನ್ನೆರಡೂವರೆ ಲಕ್ಷ ಡಾಲರ್ ವಸೂಲು ಮಾಡಿತು. ಮರುವರ್ಷವೇ ಗ್ರಾಹಕನೊಬ್ಬ ತನ್ನ ಕರೆಯನ್ನು ಧ್ವನಿಮುದ್ರಿಸಿ ಬಹಿರಂಗಪಡಿಸಿದ. ಖಾತೆಯನ್ನು ರದ್ದು ಮಾಡಿ ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದರೂ ಫೋನೆತ್ತಿದ್ದ ನೌಕರ ಬಳಕೆಯ ಲೆಕ್ಕ ಒಪ್ಪಿಸುತ್ತ ವಾದಕ್ಕೇ ಇಳಿದಿದ್ದ. ಕೊನೆಗೆ, ಮೂವತ್ತರ ಆ ಗ್ರಾಹಕನಿಗೆ, ನಿಮ್ಮ ತಂದೆ ಅಲ್ಲಿದ್ದಾರೆಯೇ ಎಂದು ಕೇಳಿದ. ಆ ನೌಕರನ ಬಗ್ಗೆ ನನಗೆ ಕೋಪವಿಲ್ಲ; ಅವನ ಬೋನಸ್ಸನ್ನು ಆ ರೀತಿ ಲೆಕ್ಕಹಾಕಿದವರು ಬೇರೆ ಯಾರೋ, ಅವರು ಫೋನು ಎತ್ತುವವರಲ್ಲ. ಇಂದು ಆ ಜಾಗದಲ್ಲಿ ಚಾಟ್‌ಬಾಟ್ ಕೂತಿದೆ. ಅದಕ್ಕೆ ಬೋನಸ್ ಬೇಕಿಲ್ಲ, ದಣಿವೂ ಇಲ್ಲ, ಹೀಗಾಗಿ ನಾವು ದಣಿಯುವವರೆಗೆ ಕಾಯಬಲ್ಲದು.

ಈ ಬಗೆಯ ಹುನ್ನಾರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರು ಕೊಟ್ಟವರು ಬ್ರಿಟನ್ನಿನ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್. 2010ರಲ್ಲಿ ಅವರು ಇವುಗಳನ್ನು ಬಗೆಬಗೆಯಾಗಿ ವಿಂಗಡಿಸಿದಾಗ, ಒಳಗೆ ಬರುವುದು ಸುಲಭವಾಗಿಯೂ ಹೊರಗೆ ಹೋಗುವುದು ಕಷ್ಟವಾಗಿಯೂ ಇರುವ ಬಗೆಗೆ ಅಮೆರಿಕದ ಒಂದು ಜಿರಲೆ ಬೋನಿನ ಹೆಸರನ್ನೇ ಇಟ್ಟರು. ಚಂದಾದಾರರಿಗೆ ಸಿಕ್ಕ ಪಾತ್ರ ಗೌರವದ್ದೇನೂ ಅಲ್ಲ, ಆದರೆ ಕಂಪನಿಗಳ ದೃಷ್ಟಿಯಲ್ಲಿ ನಮ್ಮ ಸ್ಥಾನವೇನೆಂಬುದನ್ನು ಅಷ್ಟು ಚೆನ್ನಾಗಿ ತೋರಿಸುವ ಹೆಸರು ಮತ್ತೊಂದಿಲ್ಲ.

ಅಮೆಜಾನ್ ಕಂಪನಿಯವರು ಇನ್ನೂ ಸಾಹಿತ್ಯಪ್ರಿಯರು. ತಮ್ಮ ‘ಪ್ರೈಮ್’ ಸದಸ್ಯತ್ವವನ್ನು ಬಿಡುವ ದಾರಿಗೆ ಅವರು ಒಳಗೊಳಗೇ ಇಟ್ಟುಕೊಂಡಿದ್ದ ಹೆಸರು ‘ಇಲಿಯಡ್’. 2023ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ವ್ಯಾಪಾರದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಆಯೋಗ, ಹೂಡಿದ ಮೊಕದ್ದಮೆಯಲ್ಲಿ ಈ ಹೆಸರೂ ದಾಖಲಾಯಿತು. ಸೇರುವುದಕ್ಕೆ ಒಂದೆರಡು ಕ್ಲಿಕ್ಕುಗಳು ಸಾಕಾಗಿದ್ದರೆ, ಬಿಡುವುದಕ್ಕೆ ನಾಲ್ಕು ಪುಟಗಳು, ಆರು ಕ್ಲಿಕ್ಕುಗಳು, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತೆಂದು ಆಯೋಗ ತನ್ನ ದೂರಿನಲ್ಲಿ ಲೆಕ್ಕ ಕೊಟ್ಟಿತು. ಹೋಮರನ ಮಹಾಕಾವ್ಯದ ಯುದ್ಧ ದೀರ್ಘವಾದದ್ದು, ದಣಿಸುವಂಥದ್ದು, ಆ ಮಟ್ಟಿಗೆ ಹೆಸರು ಸರಿಯೇ. ಆದರೆ ಅಲ್ಲಿ ಗ್ರೀಕರು ವರ್ಷಗಟ್ಟಲೆ ಹೋರಾಡಿದ್ದು ಕೋಟೆಯ ಒಳಗೆ ನುಗ್ಗುವುದಕ್ಕೆ, ಹೊರಗೆ ಬರುವುದಕ್ಕಲ್ಲ. ಆ ಹೆಸರಿಟ್ಟ ಮಹಾಶಯರಿಗೆ ಮಹಾಭಾರತದ ಪರಿಚಯವಿದ್ದಿದ್ದರೆ ಚಕ್ರವ್ಯೂಹವೆಂದು ಕರೆದು ಇನ್ನಷ್ಟು ನಿಖರವಾಗುತ್ತಿದ್ದರು. ಅಭಿಮನ್ಯುವಿಗಾದರೂ ತನಗೆ ಹೊರಬರುವ ವಿದ್ಯೆ ಗೊತ್ತಿಲ್ಲವೆಂಬುದು ಒಳನುಗ್ಗುವ ಮೊದಲೇ ಗೊತ್ತಿತ್ತು. ‘ಮೂವತ್ತು ದಿನ ಉಚಿತ’ ಎಂಬುದನ್ನು ಒತ್ತುವವನಿಗೆ ಅಷ್ಟೂ ಗೊತ್ತಿರುವುದಿಲ್ಲ.

ಇಷ್ಟು ಶ್ರಮಪಟ್ಟು ಗ್ರಾಹಕನನ್ನು ಕಟ್ಟಿಹಾಕಿಕೊಂಡರೆ ಸಿಗುವುದೇನು? ಸರಕನ್ನು ಉತ್ತಮಗೊಳಿಸಿದರೆ ಅವನು ತಾನಾಗಿಯೇ ಉಳಿಯುವುದಿಲ್ಲವೇ? ಈ ಮುಗ್ಧ ಪ್ರಶ್ನೆಗೆ ಲಿರಾನ್ ಐನಾವ್, ಬೆನ್ ಕ್ಲೋಪಾಕ್, ನೀಲ್ ಮಹೋನಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕಸಹಿತ ಉತ್ತರ ಕೊಟ್ಟಿದ್ದಾರೆ. ಅವರು ಹಿಡಿದ ದಾರಿ ಸರಳವಾದದ್ದು, ಅಷ್ಟೇ ಜಾಣತನದ್ದು. ಬ್ಯಾಂಕಿನ ಕಾರ್ಡು ಅವಧಿ ಮುಗಿದೋ ಕಳೆದುಹೋಗಿಯೋ ಬದಲಾದಾಗ, ಚಂದಾ ಮುಂದುವರಿಯಬೇಕಾದರೆ ಹೊಸ ಕಾರ್ಡಿನ ಸಂಖ್ಯೆಯನ್ನು ಕೊಡಬೇಕಾಗುತ್ತದೆ. ಅಂದರೆ ‘ಇದು ನನಗೆ ಬೇಕೇ’ ಎಂದು ಗ್ರಾಹಕ ಎಷ್ಟೋ ಕಾಲದ ಮೇಲೆ ಒಮ್ಮೆ ಯೋಚಿಸಲೇಬೇಕಾಗುತ್ತದೆ. ಜನಪ್ರಿಯವಾದ ಹತ್ತು ಸೇವೆಗಳ ಲೆಕ್ಕ ತೆಗೆದು ನೋಡಿದರೆ, ಚಂದಾ ಬಿಡುವವರ ಸಂಖ್ಯೆ ಸರಿಯಾಗಿ ಆ ತಿಂಗಳಲ್ಲಿಯೇ ಮೇಲಕ್ಕೆ ಜಿಗಿಯುತ್ತದೆ. ಗ್ರಾಹಕರು ಸದಾ ಎಚ್ಚರವಾಗಿದ್ದರೆ ಬರಬಹುದಾಗಿದ್ದ ವರಮಾನಕ್ಕೆ ಹೋಲಿಸಿದರೆ, ಅವರ ಮರೆವಿನಿಂದಾಗಿ ಕಂಪನಿಗಳ ವರಮಾನ ಸೇವೆಯಿಂದ ಸೇವೆಗೆ ಶೇಕಡ 14ರಿಂದ ಶೇಕಡ 200ಕ್ಕೂ ಹೆಚ್ಚಿನವರೆಗೆ ಏರಿರುತ್ತದೆಂದು ಅವರು ಅಂದಾಜು ಮಾಡಿದರು. ಅಂದರೆ ಕೆಲವು ಕಂಪನಿಗಳು ಮಾರುತ್ತಿರುವ ಸರಕಿಗಿಂತ ನಮ್ಮ ಮರೆವೇ ಅವಕ್ಕೆ ಹೆಚ್ಚು ಸಂಪಾದಿಸಿ ಕೊಡುತ್ತಿದೆ. ಇಂಥ ಆಸ್ತಿಯನ್ನು ಯಾವ ವ್ಯಾಪಾರಿ ತಾನಾಗಿ ಬಿಟ್ಟುಕೊಡುತ್ತಾನೆ? ರದ್ದು ಮಾಡುವ ಬಟನ್ ತಿಳಿಬೂದು ಬಣ್ಣದಲ್ಲಿರುವುದು ಯಾವುದೋ ಚಿತ್ರಕಾರನ ಅಭಿರುಚಿಯ ದೋಷದಿಂದಲ್ಲ. ಬೇರೆ ಬೇರೆ ಬಣ್ಣಗಳಲ್ಲಿ, ಬೇರೆ ಬೇರೆ ಜಾಗಗಳಲ್ಲಿ ಇಟ್ಟು, ಎಲ್ಲಿಟ್ಟರೆ ಎಷ್ಟು ಜನ ಒತ್ತದೆ ಹಿಂದಿರುಗುತ್ತಾರೆಂದು ಲಕ್ಷಾಂತರ ಬಳಕೆದಾರರ ಮೇಲೆ ಪರೀಕ್ಷಿಸಿ ನೋಡುವ ಸೌಕರ್ಯ ಈ ಉದ್ಯಮಕ್ಕಿದೆ.

ತಾನಾಗಿ ಬಿಟ್ಟುಕೊಟ್ಟವರು ಇಲ್ಲವೇ ಇಲ್ಲ ಎಂದರೆ ಅನ್ಯಾಯವಾದೀತು. 2020ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್, ಬಹುಕಾಲದಿಂದ ಏನನ್ನೂ ನೋಡದೆ ಹಣ ಕಟ್ಟುತ್ತಲೇ ಇರುವವರನ್ನು ಮುಂದುವರಿಯುತ್ತೀರಾ ಎಂದು ಕೇಳುವುದಾಗಿಯೂ, ಉತ್ತರ ಬಾರದಿದ್ದರೆ ಚಂದಾವನ್ನು ತಾನೇ ರದ್ದು ಮಾಡುವುದಾಗಿಯೂ ಪ್ರಕಟಿಸಿತು. ಒಳ್ಳೆಯ ಕೆಲಸವೇ. ಆದರೆ ಅಂಥವರು ತನ್ನ ಚಂದಾದಾರರಲ್ಲಿ ಶೇಕಡ ಅರ್ಧಕ್ಕಿಂತ ಕಡಿಮೆಯೆಂದೂ, ಕೆಲವು ಲಕ್ಷವಷ್ಟೇ ಎಂದೂ ಆಗಲೇ ಹೇಳಿತ್ತು. ಔದಾರ್ಯಕ್ಕೆ ತಗಲುವ ಖರ್ಚು ಮುಂಚೆಯೇ ಗೊತ್ತಿದ್ದಾಗ ಉದಾರಿಯಾಗುವುದು ಅಷ್ಟೇನೂ ಕಷ್ಟವಲ್ಲ ಎಂದು ನನ್ನೊಳಗಿನ ಸಂಶಯಗಾರ ಗೊಣಗುತ್ತಾನೆ. ಹಾಗಿದ್ದರೂ ಉಳಿದವರು ಅಷ್ಟನ್ನೂ ಮಾಡಲಿಲ್ಲವೆಂಬುದನ್ನು ಅವನೂ ಒಪ್ಪುತ್ತಾನೆ.

ಉಳಿದವರಿಗಾಗಿ ಕಾನೂನು ಬರಬೇಕಾಯಿತು. ಜರ್ಮನಿಯಲ್ಲಿ 2022ರ ಜುಲೈ 1ರಿಂದ, ಜಾಲತಾಣದಲ್ಲಿ ಚಂದಾ ಮಾಡಿಸಿಕೊಳ್ಳುವವರು ಅದನ್ನು ಮುಗಿಸುವ ಬಟನ್ನನ್ನೂ ಎದ್ದು ಕಾಣುವಂತೆ ಅಲ್ಲಿಯೇ ಇಡಬೇಕೆಂದಾಗಿದೆ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹದಿಮೂರು ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿಮಾಡಿ ನಿಷೇಧಿಸಿದಾಗ ಅದರಲ್ಲಿ ಚಂದಾ ಬಲೆಯೂ ಸೇರಿತ್ತು. ಬೇಡವೆನ್ನುವವರನ್ನು ಅವಮಾನಿಸುವ ಆ ಬಟನ್ ಸಾಲುಗಳೂ ಸೇರಿದ್ದವು. ಅಮೆರಿಕದ್ದು ಬೇರೆಯೇ ಕಥೆ. ಸೇರುವಷ್ಟೇ ಸುಲಭವಾಗಿ ಬಿಡುವಂತಿರಬೇಕೆಂಬ ನಿಯಮವನ್ನು ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಲ್ಲಿ ಅಂತಿಮಗೊಳಿಸಿತು. ಅದು ಪೂರ್ತಿಯಾಗಿ ಜಾರಿಗೆ ಬರಲು ಇನ್ನು ಕೆಲವೇ ದಿನಗಳಿವೆ ಎನ್ನುವಾಗ, 2025ರ ಜುಲೈನಲ್ಲಿ, ಮೇಲ್ಮನವಿ ನ್ಯಾಯಾಲಯವೊಂದು ಅದನ್ನು ತಳ್ಳಿಹಾಕಿತು. ನಿಯಮ ಕೆಟ್ಟದ್ದೆಂದಲ್ಲ, ಆರ್ಥಿಕ ಪರಿಣಾಮ ಹತ್ತು ಕೋಟಿ ಡಾಲರನ್ನು ಮೀರುವಂತಿದ್ದರೆ ಆಯೋಗ ಮೊದಲೇ ಮಾಡಬೇಕಿದ್ದ ಒಂದು ವಿಶ್ಲೇಷಣೆಯನ್ನು ಮಾಡಿರಲಿಲ್ಲವೆಂದು. ಜನ ಸುಲಭವಾಗಿ ಬಿಟ್ಟುಹೋಗುವಂತಾದರೆ ಉದ್ಯಮಕ್ಕೆ ಅಷ್ಟೊಂದು ಹೊರೆ ಬೀಳುತ್ತದೆಂಬುದೇ ನಿಯಮ ಬಿದ್ದುಹೋಗಲು ಕಾರಣವಾಯಿತು.

ಅಮೆಜಾನ್ ಮೇಲಿನ ಮೊಕದ್ದಮೆ 2025ರ ಸೆಪ್ಟೆಂಬರ್‌ನಲ್ಲಿ, ವಿಚಾರಣೆ ಆರಂಭವಾದ ಕೆಲವೇ ದಿನಗಳಲ್ಲಿ ರಾಜಿಯಾಯಿತು. ಕಂಪನಿ ತಪ್ಪನ್ನು ಒಪ್ಪಿಕೊಳ್ಳಲಿಲ್ಲ, 250 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಅದರಲ್ಲಿ ನೂರು ಕೋಟಿ ದಂಡ, ಉಳಿದದ್ದು ಗ್ರಾಹಕರಿಗೆ. ‘ಬೇಡ, ಉಚಿತ ಸಾಗಣೆ ನನಗೆ ಬೇಕಿಲ್ಲ’ ಎಂಬ ಬಟನ್ನನ್ನು ಇಡಕೂಡದು, ಬೇಡ ಎನ್ನುವವರಿಗೆ ಸ್ಪಷ್ಟವಾದ ಬೇಡ ಎಂಬ ಬಟನ್ನೇ ಇರಬೇಕು ಎಂಬುದೂ ಒಪ್ಪಂದದಲ್ಲಿ ಸೇರಿತು. ಒಂದು ‘ಬೇಡ’ವನ್ನು ಬೇಡವಾಗಿಯೇ ಬರೆಸುವುದಕ್ಕೆ ಒಂದು ಸರ್ಕಾರ ಎರಡು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಿನಲ್ಲಿ ಬಡಿದಾಡಬೇಕಾಯಿತು. ಇನ್ನು ಹಣ ಹಿಂದಿರುಗಿಸುವ ವಿಚಾರ. ಆಯೋಗ ತಕರಾರೆತ್ತಿದ ಪುಟಗಳ ಮೂಲಕ ಸೇರಿ, ಸೌಲಭ್ಯಗಳನ್ನು ಹೆಚ್ಚುಕಡಿಮೆ ಬಳಸದೇ ಇದ್ದ ಒಂದು ವರ್ಗದವರಿಗೆ ಅದು ತಾನಾಗಿಯೇ ಬಂದು ಸೇರುವಂತೆ ಏರ್ಪಾಡಾಯಿತು. ತಲೆಗೆ ಹೆಚ್ಚೆಂದರೆ 51 ಡಾಲರ್. ಬಿಡಬೇಕೆಂದು ಹೊರಟು, ಆ ಪುಟಗಳಲ್ಲಿ ಸಿಕ್ಕಿಕೊಂಡು, ಬಿಡಲಾಗದೆ ಉಳಿದುಹೋದ ಉಳಿದವರು ಮಾತ್ರ ತಮ್ಮ ಪಾಲಿನ ಹಣಕ್ಕಾಗಿ ಇನ್ನೊಂದು ಅರ್ಜಿಯನ್ನು ತುಂಬಿ, ಗಡುವಿನೊಳಗೆ ಸಲ್ಲಿಸಬೇಕಿತ್ತು.