ಕೋಡ್ ಹೋಗಿ ಬಂತು, ಬರೆದವನು ಸಾಲಿನಲ್ಲಿದ್ದಾನೆ

ಫಾಸ್ಡೆಮ್ ಎಂಬ ಸಮ್ಮೇಳನ ಓಪನ್ ಸೋರ್ಸ್ ಮಂದಿಗೆ, ಅಂದರೆ ಬರೆದ ಕೋಡನ್ನು ಯಾರು ಬೇಕಾದರೂ ಓದಿ ಬಳಸಲೆಂದು ಬಿಟ್ಟುಕೊಡುವ ಮುಕ್ತ ತಂತ್ರಾಂಶದವರಿಗೆ, ಗೊತ್ತಿರುವುದೇ. 2000ದಲ್ಲಿ ಶುರುವಾದದ್ದು. ಪ್ರತಿ ವರ್ಷ ಫೆಬ್ರವರಿಯ ಆಸುಪಾಸು, ಕೊರೆಯುವ ಚಳಿಯ ಒಂದು ಶನಿವಾರ-ಭಾನುವಾರ, ಬ್ರಸೆಲ್ಸ್‌ನ ಯುಎಲ್‌ಬಿ ವಿಶ್ವವಿದ್ಯಾಲಯದ ಸೊಲ್‌ಬಾಷ್ ಕ್ಯಾಂಪಸ್ಸಿನಲ್ಲಿ ಸಾವಿರಾರು ಪ್ರೋಗ್ರಾಮರುಗಳು ಸೇರುತ್ತಾರೆ. ಟಿಕೆಟ್ ಇಲ್ಲ, ನೋಂದಣಿ ಇಲ್ಲ. ಬಾಗಿಲು ತೆಗೆದಿರುತ್ತದೆ, ಒಳಗೆ ಬಂದರಾಯಿತು. ನೀನು ಯಾರಪ್ಪಾ ಎಂದು ಕೇಳುವವರೇ ಅಲ್ಲಿಲ್ಲ.

ಕೇಳುವವರೆಲ್ಲ ಅದಕ್ಕೂ ಮೊದಲೇ, ವೀಸಾ ಕೌಂಟರಿನ ಗಾಜಿನ ಹಿಂದೆ ಸಿಗುತ್ತಾರೆ.

ಬನಶಂಕರಿ ಮೂರನೇ ಹಂತದ ಒಬ್ಬ ಪ್ರೋಗ್ರಾಮರ್ ಎಂದಿಟ್ಟುಕೊಳ್ಳಿ. ರಾತ್ರಿ ನಿದ್ದೆಗೆಟ್ಟು, ತಾರೀಖುಗಳನ್ನು ಸರಿಯಾಗಿ ಓದುವ ಒಂದು ಪುಟ್ಟ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸುವ ಸಿದ್ಧ ಕೋಡು) ಬರೆದು ಜಗತ್ತಿಗೆ ಬಿಟ್ಟುಕೊಟ್ಟಿದ್ದಾನೆ. ಅದು ಈಗ ಜರ್ಮನಿಯಲ್ಲಿದೆ, ಫಿನ್ಲೆಂಡಿನಲ್ಲಿದೆ; ಯಾವ ಗಡಿಯಲ್ಲೂ ಅದನ್ನು ನಿಲ್ಲಿಸಿ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಲಿಲ್ಲ. ವೀಸಾ ಅರ್ಜಿ ತುಂಬುವ ಜಾಲತಾಣದ ಹೊಟ್ಟೆಯಲ್ಲೂ ಅದೇ ಕೂತಿರಬಹುದು, ಯಾರು ಕಂಡರು! ಆದರೆ ಅದನ್ನು ಬರೆದ ಮಹಾಶಯ ಬ್ರಸೆಲ್ಸ್‌ಗೆ ಹೊರಟರೆ 90 ಯೂರೋ ಶುಲ್ಕ ಕಟ್ಟಬೇಕು. 80 ಇತ್ತು, 2024ರ ಜೂನ್‌ನಲ್ಲಿ ಏರಿಸಿದರು. ವೀಸಾ ಕೊಡದಿದ್ದರೂ ಆ ದುಡ್ಡು ಮಾತ್ರ ವಾಪಸ್ ಬರುವುದಿಲ್ಲ. ಯುರೋಪಿಗೆ ಹೋದದ್ದೆಲ್ಲ ವಾಪಸ್ ಬರುತ್ತದೆಯೇ ಎಂಬುದು ಅವರ ಚಿಂತೆ. ನಮ್ಮ ಚಿಂತೆಯೂ ಅದೇ.

ಕನಿಷ್ಠ 30,000 ಯೂರೋ ಮೊತ್ತದ ವಿಮೆ, ಐಟಿ ರಿಟರ್ನ್, ಆಫೀಸಿನ ಎನ್‌ಒಸಿ, ಹೋಟೆಲ್ ಬುಕಿಂಗ್ ಎಲ್ಲ ಆಯಿತು. ಮುಂದಿನ ಪ್ರಶ್ನೆ: ಪ್ರವಾಸದ ಉದ್ದೇಶ? ಸಮ್ಮೇಳನ. ನೋಂದಣಿಯ ರಸೀದಿ ಎಲ್ಲಿ? ನೋಂದಣಿಯೇ ಇಲ್ಲ ಸಾರ್. ಇಲ್ಲದಿದ್ದರೆ ನೀವು ಹೋಗುವುದಕ್ಕೆ ಸಾಕ್ಷಿ? ಯಾರು ಬೇಕಾದರೂ ಬರಬಹುದು ಅಂತ ಅವರೇ ಬರೆದುಕೊಂಡಿದ್ದಾರೆ ಸಾರ್. ಹಾಗಾದರೆ ನಿಮ್ಮನ್ನೇ ಕರೆದಿದ್ದಾರೆ ಅನ್ನುವುದು ಹೇಗೆ?

ಈ ತರ್ಕಕ್ಕೆ ಉತ್ತರವಿಲ್ಲ. ಎಲ್ಲರನ್ನೂ ಕರೆದವರು ಯಾರನ್ನೂ ಕರೆದಂತಾಗಲಿಲ್ಲ. ಅನುಭವಸ್ಥರು ಕಿವಿಯಲ್ಲಿ ಹೇಳಿದರು: ‘ಊರು ನೋಡೋಕೆ ಅಂತ ಹಾಕಯ್ಯ, ಅದಕ್ಕೆ ಯಾರ ಆಮಂತ್ರಣವೂ ಬೇಡ.’ ಹಾಗೆ ಅರ್ಜಿಯಲ್ಲಿ ಗ್ರ್ಯಾಂಡ್ ಪ್ಲೇಸ್, ಅಟೋಮಿಯಂ, ಮನೆಕೆನ್ ಪಿಸ್ ಮುಖ್ಯ ಕಾರ್ಯಕ್ರಮವಾದವು. ಸಮ್ಮೇಳನ ಕಳ್ಳಬಸುರಿನಂತೆ ಒಳಗೇ ಉಳಿಯಿತು. ಇನ್ನು ಮರಳಿ ಬರುತ್ತೀರಿ ಎಂಬುದಕ್ಕೆ ಪುರಾವೆ? ಇಪ್ಪತ್ತು ವರ್ಷದ ಗೃಹಸಾಲದ ಪತ್ರ ಇಟ್ಟ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವನು ಎಲ್ಲಿಗೆ ತಾನೇ ಓಡಿಹೋದಾನು? ಅಧಿಕಾರಿಗೂ ಕರುಣೆ ಬಂದಿರಬೇಕು, ಸ್ಟಿಕರ್ ಅಂಟಿಸಿಬಿಟ್ಟರು.

ಈ ವೀಸಾದ ಹೆಸರು ಷೆಂಗೆನ್. ಷೆಂಗೆನ್ ಅನ್ನುವುದು ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿಯ ದಡದ ಒಂದು ಹಳ್ಳಿ, ಸುತ್ತ ದ್ರಾಕ್ಷಿ ತೋಟಗಳು. ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಗೋಜೇ ಬೇಡವೆಂದು 1985ರಲ್ಲಿ ಐದು ದೇಶಗಳು ಅಲ್ಲಿ ಸಹಿ ಹಾಕಿದವು. ಅವುಗಳಲ್ಲಿ ಬೆಲ್ಜಿಯಂ ಕೂಡ ಒಂದು. ತೆಗೆದುಹಾಕಿದ ಆ ಗೋಜನ್ನೆಲ್ಲ ಗಂಟು ಕಟ್ಟಿ ಹೊರಗಿನವರಿಗೆ ಕೊಟ್ಟರು ಎಂಬುದನ್ನು ಒಪ್ಪಂದದಲ್ಲಿ ಹೀಗೆ ಬಿಡಿಸಿ ಬರೆದಿಲ್ಲ.

ಅಂತೂ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮವನು ಸೊಲ್‌ಬಾಷ್ ತಲುಪಿದ. ಕೇಳಬೇಕೆಂದುಕೊಂಡಿದ್ದ ಭಾಷಣದ ಕೊಠಡಿಯ ಬಾಗಿಲಿಗೆ ‘ಫುಲ್’ ಎಂಬ ಕಾಗದ. ಅಗ್ನಿಸುರಕ್ಷತೆಯ ನಿಯಮ, ಒಬ್ಬ ಹೊರಗೆ ಬಂದರಷ್ಟೇ ಒಬ್ಬ ಒಳಗೆ. ಒಳಗಿರುವವರು ಹೊರಗೆ ಬರುವ ಜಾಯಮಾನದವರಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಂತೆ, ಹಿಂದಿನ ಎರಡು ಭಾಷಣಗಳಿಗೇ ಬಂದು ಕೂತವರು ಅವರು. ಡೇಟಾಬೇಸ್ ಕೇಳಲು ಬಂದವನು ಅದಕ್ಕಾಗಿ ರಿಸ್ಕ್-ಫೈವ್ ಚಿಪ್ಪಿನ ಮೇಲಿನ ಉಪನ್ಯಾಸಕ್ಕೆ ಗಂಭೀರವಾಗಿ ತಲೆದೂಗುತ್ತಾನೆ.

ಹೊರಗುಳಿದವರು ಏನು ಮಾಡಬೇಕು? ಕಾರಿಡಾರಿನ ನೆಲದಲ್ಲಿ ಕೂತು, ಗೋಡೆಯಾಚೆ ನಡೆಯುತ್ತಿರುವುದನ್ನು ಮೊಬೈಲಿನಲ್ಲಿ ನೇರಪ್ರಸಾರ ನೋಡಬೇಕು. ಅದೇ ಪ್ರಸಾರ ಬನಶಂಕರಿಯಲ್ಲಿ ಮಧ್ಯಾಹ್ನ ಎರಡೂವರೆಗೆ, ಊಟದ ನಂತರ, ಕಾಲು ಚಾಚಿಕೊಂಡು ನೋಡಲು ಸಿಗುತ್ತಿತ್ತು. ಅದಕ್ಕೆ ವಿಮೆ ಬೇಡ. ಇಷ್ಟಕ್ಕೂ ವೈಫೈ ಹತ್ತಬೇಕಲ್ಲ. ಅಲ್ಲಿನ ಮುಖ್ಯ ನೆಟ್‌ವರ್ಕ್ ಐಪಿವಿ6 ಎಂಬ ಇಂಟರ್‌ನೆಟ್ಟಿನ ಹೊಸ ವಿಳಾಸ ಪದ್ಧತಿ ಮಾತ್ರ ಬಲ್ಲದು. ಅದಕ್ಕೆ ಒಗ್ಗದ ಸಾಧನಗಳಿಗೆ ‘ಫಾಸ್ಡೆಮ್-ಏನ್ಷಿಯಂಟ್’, ಅಂದರೆ ‘ಪುರಾತನ’, ಎಂಬ ಇನ್ನೊಂದು ಜಾಲ. ಆಫೀಸು ಕೊಟ್ಟ ಲ್ಯಾಪ್‌ಟಾಪ್ ಯಾವ ಜಾಲಕ್ಕೆ ಸೇರಿತು ಎಂದು ಬೇರೆ ಹೇಳಬೇಕಿಲ್ಲ.

ಕೊಠಡಿ ಸಿಗದಿದ್ದ ಮೇಲೆ ಅರ್ಜಿಯಲ್ಲಿ ಬರೆದುಕೊಟ್ಟಂತೆ ಊರನ್ನಾದರೂ ನೋಡಬೇಕು. ಭಾನುವಾರ ಮನೆಕೆನ್ ಪಿಸ್. ಎರಡಡಿ ಆಸುಪಾಸಿನ ಕಂಚಿನ ಹುಡುಗ, ನಿಂತಲ್ಲೇ ಮೂತ್ರ ವಿಸರ್ಜಿಸುತ್ತ ಜಗತ್ಪ್ರಸಿದ್ಧನಾದವನು. ಅವನಿಗೆ ಸಾವಿರಕ್ಕೂ ಹೆಚ್ಚು ಉಡುಪುಗಳಿವೆ, ಅವುಗಳಿಗೇ ಪ್ರತ್ಯೇಕ ಮ್ಯೂಸಿಯಂ ಇದೆ. ನಮ್ಮಲ್ಲಿ ಇದೇ ಕೆಲಸ ತಡೆಯಲು ಗೋಡೆಗೆ ದೇವರ ಟೈಲ್ಸ್ ಅಂಟಿಸುತ್ತೇವೆ. ಬೀದಿಯಲ್ಲಿ ಎಲ್ಲರೂ ಫೋಟೋ ಹೊಡೆಯುವುದು ನಕಲಿ ಮೂರ್ತಿಗೆ. ಅಸಲಿ ನಗರದ ಮ್ಯೂಸಿಯಮ್ಮಿನಲ್ಲಿ ಭದ್ರವಾಗಿದೆ. ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ಬಳಸುವ ಜಾಗದಲ್ಲಿ, ಬ್ಯಾಕಪ್ ಪ್ರತಿ ಓಡುತ್ತಿದೆ ಎಂದು ನಮ್ಮವನು ಒಂದೇ ನೋಟಕ್ಕೆ ಅರ್ಥ ಮಾಡಿಕೊಂಡ.

ಆಮೇಲೆ ಅಟೋಮಿಯಂ. 1958ರ ವಿಶ್ವ ಪ್ರದರ್ಶನಕ್ಕೆ ಕಟ್ಟಿದ್ದು, 102 ಮೀಟರ್ ಎತ್ತರ, ಒಂಬತ್ತು ಗೋಳ, ಕಬ್ಬಿಣದ ಹರಳನ್ನು 16,500 ಕೋಟಿ ಪಟ್ಟು ಹಿಗ್ಗಿಸಿದ ಆಕಾರ. ಹರಳಿನ ರಚನೆ ಪ್ರಕೃತಿಯದು, ಆದರೆ ಕಟ್ಟಡದ ಮೇಲಿನ ಕಾಪಿರೈಟ್ ಹಕ್ಕು ಮನುಷ್ಯರದು. ಬೆಲ್ಜಿಯಂ 2016ರಲ್ಲಿ ಕಾನೂನು ಬದಲಿಸುವವರೆಗೆ ವಿಕಿಪೀಡಿಯಕ್ಕೆ ಇದರ ಫೋಟೋ ಮುಕ್ತವಾಗಿ ಹಾಕುವಂತಿರಲಿಲ್ಲ. ಕಟ್ಟಡವನ್ನು ಅಳಿಸಿ, ಆಕಾಶವನ್ನಷ್ಟೇ ಉಳಿಸಿದ ಚಿತ್ರಗಳು ಓಡಾಡುತ್ತಿದ್ದವು. ವರ್ಷಕ್ಕೊಮ್ಮೆ ಮುಕ್ತ ತಂತ್ರಾಂಶದವರು ಬಂದು ಸೇರುವ ಊರಿನ ಕಥೆ ಇದು.

ಊರಿಗೆ ಮರಳಿ ಖರ್ಚಿನ ಲೆಕ್ಕ ಒಪ್ಪಿಸಿದ. ಅಕೌಂಟ್ಸ್ ವಿಭಾಗದವರು ಮೊದಲು ಕೇಳಿದ್ದು ಸಮ್ಮೇಳನದ ರಸೀದಿ. ಪ್ರವೇಶ ಉಚಿತ ಸಾರ್. ಉಚಿತ ಅನ್ನುವುದಕ್ಕಾದರೂ ರಸೀದಿ? ಇಲ್ಲ. ಬ್ಯಾಡ್ಜ್? ಇಲ್ಲ. ಹಾಜರಾತಿ ಪತ್ರ? ಇಲ್ಲ. ಹಾಗಾದರೆ ನೀವು ಹೋಗಿಲ್ಲ. ಅವನ ಬಳಿ ಮುದ್ರೆಯಿದ್ದ ಒಂದೇ ಕಾಗದವೆಂದರೆ ಅಟೋಮಿಯಂ ಟಿಕೆಟ್. ‘ಸ್ಫಟಿಕ ರಚನೆ ಅಧ್ಯಯನ, ಪ್ರಾಯೋಗಿಕ’ ಎಂದು ಬರೆದು ಫೈಲಿಗೆ ಸೇರಿಸಿದ. ಮೂರೇ ದಿನದಲ್ಲಿ ಮಂಜೂರಾಯಿತು. ಮುಂದಿನ ಸಲ ಎಲ್ಲ ಗೋಳಗಳನ್ನೂ ನೋಡಿಕೊಂಡು ಬಂದು ತಂಡಕ್ಕೆ ಪ್ರೆಸೆಂಟೇಷನ್ ಕೊಡಿ ಎಂದು ಮ್ಯಾನೇಜರ್ ಮೇಲ್ ಕೂಡ ಕಳಿಸಿದ್ದಾರೆ.