ಕಬ್ಬೆಕ್ಕಿಗೆ ವಿಷ ಇಡುವ ಮೊದಲು

ಮೊನ್ನೆ ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಕೋಳಿಗೂಡಿನ ಎದುರು ಕೂತು ಅಳುತ್ತಿದ್ದರು. 7 ಕೋಳಿಗಳಲ್ಲಿ 6 ಸತ್ತಿದ್ದವು. ಒಂದನ್ನೂ ಪೂರ್ತಿ ತಿಂದಿರಲಿಲ್ಲ. ಎಲ್ಲದರ ಕುತ್ತಿಗೆಯಲ್ಲೂ ಹಲ್ಲಿನ ಗುರುತು, ಎರಡಕ್ಕೆ ತಲೆಯೇ ಇಲ್ಲ. ಉಳಿದ ಒಂದು ಹೇಂಟೆ ಮೂಲೆಯಲ್ಲಿ ಗೋಡೆಗೆ ಎದೆ ಒತ್ತಿ ನಿಂತಿತ್ತು. ಕೈ ಹಾಕಿ ಎತ್ತಿದರೂ ಸದ್ದು ಮಾಡಲಿಲ್ಲ.

ಮಧ್ಯಾಹ್ನಕ್ಕೆ ಜಗಳ ಶುರುವಾಯಿತು. ಕೊಂದದ್ದು ಕಬ್ಬೆಕ್ಕು, ರಾತ್ರಿ ತಿರುಗುವ ಪುನುಗು ಬೆಕ್ಕಿನ ಜಾತಿಯ ಕಾಡುಪ್ರಾಣಿ. ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ನಮ್ಮ ಮೇಲೆ. ಮನೆಯ ಮೇಲಿನ ಅರ್ಧ ಎಕರೆ ಗುಡ್ಡೆಯನ್ನು ನಾವು ಸವರದೆ ಹಾಗೇ ಬಿಟ್ಟಿದ್ದೇವೆ. "ನೀವು ಕಾಡು ಸಾಕಿದರೆ ನಾವು ಕೋಳಿ ಸಾಕುವುದು ಹೇಗೆ?" ಎಂದು ಅಕ್ಕ ಕೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಮೊಟ್ಟೆ ಮಾರಿದ ದುಡ್ಡಿನಲ್ಲೇ ಅವರ ಮನೆಯ ಸಣ್ಣಪುಟ್ಟ ಖರ್ಚು ನಡೆಯುವುದು. ಆದರೆ ಸಂಜೆ ಇನ್ನೊಬ್ಬರು ಬಂದು, "ಮಾಂಸದಲ್ಲಿ ಸ್ವಲ್ಪ ವಿಷ ಹಾಕಿ ಇಡಿ, ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ" ಎಂದರಲ್ಲ, ಆ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಪಡ್ರೆ ಇರುವ ಪಂಚಾಯತು. ಇಲ್ಲಿ ಗೇರು ತೋಟಗಳ ಮೇಲೆ 2000ದ ತನಕ, 20 ವರ್ಷಕ್ಕಿಂತ ಜಾಸ್ತಿ ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮಕ್ಕಳಿಗೆ ಏನಾಯಿತು ಎಂದು ಇಡೀ ದೇಶ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ನನ್ನ ಅಮ್ಮ ಆ ದಿನಗಳ ಬಗ್ಗೆ ಹೇಳುವಾಗ ಮೊದಲು ಹೇಳುವುದು ಊರು ಸುಮ್ಮನಾದದ್ದನ್ನು. ಜೇನುನೊಣ ಇಲ್ಲ, ತೋಡಿನಲ್ಲಿ ಕಪ್ಪೆ ಇಲ್ಲ, ರಾತ್ರಿ ನರಿ ಕೂಗುವುದೂ ಇಲ್ಲ. ಈಗ ಮತ್ತೆ ನಮ್ಮ ಗುಡ್ಡೆಯಲ್ಲಿ ನರಿ ಕೂಗುತ್ತದೆ. ಇದೇ ಮಣ್ಣಿಗೆ ನಾವೇ ನಮ್ಮ ಕೈಯಿಂದ ಮತ್ತೆ ವಿಷ ಹಾಕುವುದಾ?

ಬಾಳೆಗೆ ಹಾಕುತ್ತಿದ್ದ ಕೀಟನಾಶಕಗಳಾದ ಕಾರ್ಬೋಫ್ಯೂರಾನ್, ಫೋರೇಟ್ ಎರಡೂ ಕೇರಳದಲ್ಲಿ 2011ರಲ್ಲೇ ನಿಷೇಧವಾಗಿವೆ. ಆದರೂ ಹಳೇ ಡಬ್ಬಗಳು ಕೆಲವರ ಕೊಟ್ಟಿಗೆಯ ಅಟ್ಟದಲ್ಲಿ ಇನ್ನೂ ಇವೆ. ವಿಷ ಇಟ್ಟ ಮಾಂಸ ಕಬ್ಬೆಕ್ಕಿನ ಬಾಯಿಗೇ ಹೋಗುತ್ತದೆ ಎಂದು ಯಾರು ಹೇಳಿದರು? ನಮ್ಮ ಕರಿಯ ಹೋದದ್ದು ಹಾಗೇ. 9 ವರ್ಷ ಅಂಗಳ ಕಾದ ನಾಯಿ, ಬಾಯಲ್ಲಿ ನೊರೆ ಬಂದು ಬಾವಿಕಟ್ಟೆಯ ಹತ್ತಿರ ಬಿದ್ದಿತ್ತು. ಯಾರು ಇಟ್ಟದ್ದೆಂದು ಇವತ್ತಿಗೂ ಗೊತ್ತಿಲ್ಲ.

ನಾನೂ ಕೋಳಿ ಸಾಕುತ್ತೇನೆ, 11 ಇವೆ. ಎರಡು ವರ್ಷದ ಹಿಂದೆ ನಾನೂ ಕಳೆದುಕೊಂಡಿದ್ದೇನೆ. ಆಗ ಕಲಿತದ್ದು ಇಷ್ಟು: ಯಾರು ಬಂದರು ಎಂದು ಸತ್ತ ಕೋಳಿಯೇ ಹೇಳುತ್ತದೆ. ಹಾಡಹಗಲೇ ಮರಿ ಮಾಯವಾದರೆ ಮುಂಗುಸಿ ಅಥವಾ ಹದ್ದು. ಮುಸ್ಸಂಜೆಗೋ ಬೆಳಗಿನ ಜಾವಕ್ಕೋ ದೊಡ್ಡ ಕೋಳಿಯನ್ನೇ ಎತ್ತಿಕೊಂಡು ಹೋಗಿ, ಗುಡ್ಡೆಯ ದಾರಿಯುದ್ದಕ್ಕೂ ಪುಕ್ಕ ಬಿದ್ದಿದ್ದರೆ ನರಿ. ರಾತ್ರಿ ಮುಚ್ಚಿದ ಗೂಡಿನೊಳಗೆ ನಾಲ್ಕೈದು ಒಟ್ಟಿಗೆ ಸತ್ತರೆ ಹೆಚ್ಚಾಗಿ ಕಬ್ಬೆಕ್ಕು. ಕೋಳಿಗಳು ಓಡಲು ಜಾಗ ಇಲ್ಲದೆ ಪಟಪಟ ಬಡಿದುಕೊಳ್ಳುತ್ತವೆ, ಅದು ಬಡಿದುಕೊಂಡದ್ದನ್ನೆಲ್ಲ ಕಚ್ಚುತ್ತದೆ. ಪುಕ್ಕವೂ ಇಲ್ಲ, ರಕ್ತವೂ ಇಲ್ಲ, ಕೋಳಿಯೂ ಇಲ್ಲ ಎಂದಾದರೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ. ಕೋಳಿ ನುಂಗಿದ ಹೆಬ್ಬಾವು ಬಂದ ಸಂದಿಯಲ್ಲಿ ವಾಪಸ್ ಹೋಗಲಾಗದೆ ಒಳಗೇ ಸುತ್ತಿಕೊಂಡು ಮಲಗಿರುತ್ತದೆ. ಅರಣ್ಯ ಇಲಾಖೆಯ 'ಸರ್ಪ' ಆ್ಯಪ್‌ನಲ್ಲಿ ಹಾವು ಹಿಡಿಯುವವರ ನಂಬರ್ ಸಿಗುತ್ತದೆ. ಹೊಡೆಯಲು ಹೋಗಬೇಡಿ. ಹೆಬ್ಬಾವು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕೊಂದರೆ ಕನಿಷ್ಠ 3 ವರ್ಷ ಜೈಲು.

ಅಕ್ಕನ ಗೂಡಿಗೆ ಹಾಕಿದ್ದು ಅಂಗಡಿಯಲ್ಲಿ 'ಕೋಳಿ ಬಲೆ' ಎಂದೇ ಕೊಡುವ ಆರು ಮೂಲೆಯ ತೆಳು ತಂತಿ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ ಅಷ್ಟೇ. ಹೊರಗಿನಿಂದ ಹಲ್ಲು ಹಾಕಿ ಎಳೆದರೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಮೂಲೆಯಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು ಇತ್ತು, ತಂತಿಯ ತುದಿಗೆ ಕಪ್ಪು ಕೂದಲು ಅಂಟಿತ್ತು. ಇದರಲ್ಲಿ ಅವರ ತಪ್ಪಿಲ್ಲ. ಯೋಜನೆಯಲ್ಲಿ ಮರಿ ಕೊಟ್ಟವರು ಗೂಡು ಹೇಗಿರಬೇಕು ಎಂದು ಒಂದು ಮಾತೂ ಹೇಳಲಿಲ್ಲ. ನನ್ನ ಅಜ್ಜಿಯ ಕಾಲದ ಊರ ಕೋಳಿ ಕತ್ತಲಾಗುವ ಮೊದಲು ತಾನಾಗಿಯೇ ಹಲಸಿನ ಕೊಂಬೆಗೆ ಹಾರಿ ಕೂರುತ್ತಿತ್ತು. ಈಗಿನ ಗಿರಿರಾಜ ತಳಿಯ ಕೋಳಿ ಮೈಭಾರಕ್ಕೆ ಅಷ್ಟೆತ್ತರ ಹಾರಲಾರದು. ಅದಕ್ಕೆ ಗೂಡೇ ಗತಿ.

ಇನ್ನು ಗುಡ್ಡೆ ಸವರುವ ವಿಷಯ. ಅಲ್ಲಿ ಬೈನೆ ಮರ ಇದೆ, ಕಬ್ಬೆಕ್ಕು ವರ್ಷದಲ್ಲಿ ಎಷ್ಟೋ ದಿನ ಅದರ ಹಣ್ಣು ತಿಂದೇ ಬದುಕುತ್ತದೆ. ತೋಟದ ಇಲಿಗಳನ್ನೂ ತಿನ್ನುತ್ತದೆ. ಪೊದೆ ಕಡಿದರೆ ಅದು ಊರು ಬಿಟ್ಟು ಹೋಗುವುದಿಲ್ಲ, ನಮ್ಮದೇ ಹಂಚಿನ ಮಾಡಿನೊಳಗೆ ಬಂದು ಮರಿ ಹಾಕುತ್ತದೆ. ಅಟ್ಟದಲ್ಲಿ ರಾತ್ರಿಯಿಡೀ ಓಡಾಟ ಕೇಳಿದವರಿಗೆ ಇದು ಗೊತ್ತು. ಅಕ್ಕನ ಕೋಳಿಗಳು ನಮ್ಮ ಅಡಿಕೆ ಸಸಿಗಳ ಬುಡ ಕೆದಕಿ ಹಾಕಿದಾಗ ನಾವು ಬುಡಕ್ಕೆ ಮಡಲು ಮುಚ್ಚಿದೆವು, ಕೋಳಿಗೆ ಕಲ್ಲು ಹೊಡೆಯಲಿಲ್ಲ. ಹಾಗೇ ಅಲ್ವಾ ಇರಬೇಕಾದ್ದು? ಸಾಕುವವರು ಗೂಡು ಗಟ್ಟಿ ಮಾಡಿಕೊಳ್ಳಬೇಕು, ಕೈಲಾಗದಿದ್ದರೆ ನೆರೆಮನೆಯವರು ಕೈ ಜೋಡಿಸಬೇಕು.

ಭಾನುವಾರ ಅರ್ಧ ಇಂಚಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಬಲೆ, ತಂದು ಹೋದೆವು. ಅಕ್ಕ ನನ್ನ ಹತ್ತಿರ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಆದರೆ ಅವರ ಮಗ ಬಲೆಯ ಇನ್ನೊಂದು ತುದಿ ಹಿಡಿದ. ಅಡಿಯಲ್ಲಿ ಒಂದು ಅಡಿಯಷ್ಟು ಬಲೆಯನ್ನು ಹೊರಗೆ ಹಾಸಿ ಮೇಲೆ ಕೆಂಪುಕಲ್ಲು ಇಟ್ಟಿದ್ದೇವೆ, ಇನ್ನು ಅಗೆದು ಬರಲಾಗದು. ಬಾಗಿಲಿಗೆ ಎರಡು ಚಿಲಕ. ಬಲೆ ಸ್ವಲ್ಪ ಉಳಿದಿದೆ. ಪೆರ್ಲ, ಬದಿಯಡ್ಕ ಕಡೆಯವರು ಯಾರಿಗಾದರೂ ಬೇಕಿದ್ದರೆ ಹೇಳಿ, ತಂದು ಕೊಡುತ್ತೇನೆ, ಕಟ್ಟುವುದಕ್ಕೂ ಬರುತ್ತೇನೆ.