ಅಘನಾಶಿನಿ ಅಳಿವೆಯೇ ತರಗತಿಯಾಗಲಿ
ಕರಾವಳಿಯ ಶಾಲೆಗಳಲ್ಲಿ ಕೈಗಾರಿಕೆ ಮತ್ತು ಪರಿಸರದ ಸಮತೋಲನವನ್ನು ಚರ್ಚಾಸ್ಪರ್ಧೆಯ ಮೂಲಕ ಕಲಿಸಬೇಕೆಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ್ದಾರೆ. ಆಶಯ ಒಳ್ಳೆಯದೇ, ಆದರೆ ಮಕ್ಕಳನ್ನು ‘ಪರ’ ಮತ್ತು ‘ವಿರೋಧ’ ಎಂದು ಎರಡು ಸಾಲಾಗಿ ನಿಲ್ಲಿಸಿದರೆ ಅವರು ಕಲಿಯುವುದು ಭಾಷಣವನ್ನೇ ಹೊರತು ವಿಷಯವನ್ನಲ್ಲ.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯನ್ನೇ ನೋಡಿ. ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ಬಾಗಿ, ಬೆರಳುಗಳಿಂದ ತಡವಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. ಆಚೆ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಲ್ಲಿ ಅದನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ, ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ. (ಉಪ್ಪು ತಯಾರಿಕೆಯೂ ಕೈಗಾರಿಕೆಯೇ ಎಂಬುದು ಇಂಥ ಚರ್ಚೆಗಳಲ್ಲಿ ಯಾರಿಗೂ ನೆನಪಾಗುವುದಿಲ್ಲ.) ಇದೇ ಅಳಿವೆಯ ಬಾಯಲ್ಲಿರುವ ತದಡಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಬಳಿಕ ದೊಡ್ಡ ಬಂದರು ನಿರ್ಮಿಸುವ ಪ್ರಸ್ತಾವಗಳಿದ್ದವು, 2024ರಲ್ಲಿ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಹೂಳೆತ್ತಿ ಆಳ ಹೆಚ್ಚಿಸಿದರೆ ಬಳಚಿಗೆ ಏನಾದೀತು, ಬಂದರು ಬಂದರೆ ಊರಿನ ಹುಡುಗರಿಗೆ ಎಂಥ ಕೆಲಸ ಸಿಕ್ಕೀತು ಎಂಬ ಎರಡೂ ಪ್ರಶ್ನೆಗಳನ್ನು ಒಂದೇ ಮಗು ಕೇಳಬೇಕು, ಏಕೆಂದರೆ ತಾಯಿ ಬಳಚು ಮಾರುವ ಮನೆಯಿಂದಲೇ ಅಣ್ಣ ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋಗಿರುತ್ತಾನೆ.

ಇನ್ನೊಂದು ಮಾತು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಅಂಥದೊಂದು ಕನ್ನಡ ಸಾರಾಂಶವನ್ನು ಹತ್ತನೆಯ ತರಗತಿಯಲ್ಲಿ ಸಾಲುಸಾಲಾಗಿ ಓದಿಸಿ, ಅರ್ಥವಾಗದ ಪದಗಳಿಗೆ ಮಕ್ಕಳಿಂದಲೇ ಗೆರೆ ಎಳೆಸಿದರೆ ಸಾಕು. ಮುಂದಿನ ಪಾಠ ತಾನಾಗಿಯೇ ಹುಟ್ಟುತ್ತದೆ.